ತಮ್ಮ ನನಗೊಬ್ಬಳಿಗೇ ಹೇಳಿದ್ದನ್ನು ಡಾಕ್ಟರಿಗೆ ಹೇಳಲೇ?

ಪ್ರಶ್ನೆ: ನನ್ನ ತಮ್ಮನಿಗೆ 20 ವರ್ಷ. ನಾಲ್ಕು ತಿಂಗಳಿಂದ ಕಾಲೇಜು ಬಿಟ್ಟು ಕೋಣೆ ಸೇರಿದ್ದಾನೆ. ರಾತ್ರಿ ನಿದ್ದೆಯಿಲ್ಲ. ಇಬ್ಬರು ಗಂಡಸರು ತನ್ನನ್ನು ಹೊಲಸಾಗಿ ಆಡಿಕೊಳ್ಳುವುದು ಕೇಳಿಸುತ್ತದೆ ಎನ್ನುತ್ತಾನೆ. ‘ಅವನು ಬರ್ತಿದ್ದಾನೆ’ ಎಂದು ಬಾಗಿಲಿಗೆ ಮೇಜು ಅಡ್ಡ ಇಡುತ್ತಾನೆ. ಮೂರು ವಾರದ ಹಿಂದೆ ಮನೋವೈದ್ಯರಿಗೆ ತೋರಿಸಿದೆವು. ಸೈಕೋಸಿಸ್‌ನ, ಅಂದರೆ ಇಲ್ಲದ ದನಿ ಕೇಳಿಸುವ, ನಿಜ ಯಾವುದು ಭ್ರಮೆ ಯಾವುದು ಎಂಬ ಅರಿವು ತಪ್ಪುವ ಕಾಯಿಲೆಯ ಆರಂಭ ಎಂದು ಮಾತ್ರೆ ಕೊಟ್ಟಿದ್ದಾರೆ. ಹಿಂದೆ ಏನಾದರೂ ಆಘಾತ ಆಗಿತ್ತೇ ಎಂದು ಕೇಳಿದಾಗ ಅಪ್ಪ, ಅಮ್ಮ ‘ಏನೂ ಇಲ್ಲ’ ಅಂದರು. ತಮ್ಮ ತಲೆ ತಗ್ಗಿಸಿದ. ಆದರೆ ನನಗೆ ಗೊತ್ತು. ಅವನಿಗೆ 11 ವರ್ಷವಿದ್ದಾಗ ಹತ್ತಿರದ ಸಂಬಂಧಿಕನೊಬ್ಬ ತಿಂಗಳುಗಟ್ಟಲೆ ಅವನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. 16ರಲ್ಲಿ ಅದನ್ನು ನನಗೊಬ್ಬಳಿಗೇ ಹೇಳಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ನನಗಾಗ 18. ಆ ಮನುಷ್ಯ ಈಗಲೂ ಮನೆಗೆ ಬಂದು ಹೋಗುತ್ತಾನೆ. ಡಾಕ್ಟರಿಗೆ ಹೇಳಲೇ? ಹೇಳಿದರೆ ತಮ್ಮನ ನಂಬಿಕೆ ಮುರಿದಂತೆ. ಕಾಯಿಲೆಗೆ ಇದೇ ಕಾರಣವಾದರೆ ಮಾತ್ರೆ ಯಾಕೆ, ಕೌನ್ಸೆಲಿಂಗ್ ಸಾಲದೇ? ಅಂದೇ ನಾನು ಬಾಯಿಬಿಟ್ಟಿದ್ದರೆ ಇದೆಲ್ಲ ತಪ್ಪುತ್ತಿತ್ತೇ?

ಉತ್ತರ: ಈ ಮೂರೂ ಪ್ರಶ್ನೆಗಳಿಗೆ ಬರುತ್ತೇವೆ. ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಆ ಮನುಷ್ಯ ನಿಮ್ಮ ಮನೆಗೆ ಬರುವುದು ಇವತ್ತಿನಿಂದಲೇ ನಿಲ್ಲಬೇಕು. ‘ಅವನು ಬರ್ತಿದ್ದಾನೆ’ ಎಂದು ನಿಮ್ಮ ತಮ್ಮ ಹೇಳುವುದರಲ್ಲಿ ಒಂದು ಭಾಗವಾದರೂ ನಿಜ. ಅವನು ಬರುತ್ತಲೇ ಇದ್ದಾನೆ. ಹೆದರಿಸಿದವನೇ ವಾರಕ್ಕೊಮ್ಮೆ ಹಜಾರದಲ್ಲಿ ಬಂದು ಕೂರುತ್ತಿದ್ದರೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡಲಾರದು.

ಇದಕ್ಕೆ ಗುಟ್ಟು ಬಿಚ್ಚಬೇಕಾಗಿಲ್ಲ. ಸೈಕೋಸಿಸ್‌ನ ಮೊದಲ ತಿಂಗಳುಗಳಲ್ಲಿ ಮನೆ ಶಾಂತವಾಗಿರಬೇಕು, ಜನರ ಓಡಾಟ ಕಡಿಮೆ ಇರಬೇಕು ಎಂಬುದು ಎಲ್ಲರಿಗೂ ಕೊಡುವ ಸಲಹೆಯೇ. ಡಾಕ್ಟರಿಗೆ ಫೋನ್ ಮಾಡಿ, ‘ಸದ್ಯಕ್ಕೆ ನೆಂಟರಿಷ್ಟರು ಯಾರೂ ಬರುವುದು ಬೇಡ ಎಂದು ನೀವೇ ಅಪ್ಪ, ಅಮ್ಮನಿಗೆ ಹೇಳಿ’ ಎಂದು ಕೇಳಿಕೊಳ್ಳಿ. ನಿಯಮ ಎಲ್ಲರಿಗೂ ಒಂದೇ ಆದರೆ ಆ ಒಬ್ಬನ ಹೆಸರು ಎತ್ತುವ ಪ್ರಸಂಗವೇ ಬರುವುದಿಲ್ಲ. ಅವನು ಹಟ ಮಾಡಿ ಬಂದರೆ ಆ ಹೊತ್ತಿನಲ್ಲಿ ತಮ್ಮ ಮನೆಯಲ್ಲಿ ಇಲ್ಲದಂತೆ ನೋಡಿಕೊಳ್ಳಿ. ‘ಬಂದವರಿಗೆ ಮುಖ ತೋರಿಸಿ ಹೋಗು’ ಎಂದು ಯಾರೂ ಅವನನ್ನು ಕರೆಯಕೂಡದು.

ಈಗ ಡಾಕ್ಟರಿಗೆ ಹೇಳುವ ಮಾತು. ಹೇಳಬೇಕು. ಆದರೆ ಹೇಳುವುದರಲ್ಲಿ ಎರಡು ಮಟ್ಟಗಳಿವೆ, ನಿಮ್ಮ ಸಂಕಟ ಅವೆರಡನ್ನೂ ಒಂದೇ ಎಂದುಕೊಂಡಿದ್ದರಿಂದ ಹುಟ್ಟಿದ್ದು. ‘ಹಿಂದೆ ಗಂಭೀರವಾದದ್ದೊಂದು ನಡೆದಿದೆ’ ಎನ್ನುವುದು ಒಂದು. ಯಾರು, ಏನು, ಎಲ್ಲಿ ಎನ್ನುವುದು ಇನ್ನೊಂದು. ಎರಡನೆಯದು ತಮ್ಮನ ಸ್ವತ್ತು, ಅದನ್ನು ಯಾವಾಗ, ಯಾರ ಮುಂದೆ ಹೇಳಬೇಕು ಎಂದು ನಿರ್ಧರಿಸುವವನು ಅವನೇ. ಮೊದಲನೆಯದು ಗೊತ್ತಿಲ್ಲದಿದ್ದರೆ ಚಿಕಿತ್ಸೆ ದಾರಿ ತಪ್ಪಬಹುದು. ಅಪ್ಪ, ಅಮ್ಮ ‘ಏನೂ ಇಲ್ಲ’ ಎಂದಿದ್ದು ಈಗಾಗಲೇ ಫೈಲಿನಲ್ಲಿ ಸೇರಿರುತ್ತದೆ. ಅಲ್ಲಿಂದ ಮುಂದೆ ‘ಅವನು ಬರ್ತಿದ್ದಾನೆ’ ಎಂಬ ಮಾತು ಬರೀ ಭ್ರಮೆ ಎಂದೇ ದಾಖಲಾಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಮ್ಮ ನಿಮಗೆ ಹೇಳಿದ್ದು ನಾಲ್ಕು ವರ್ಷದ ಹಿಂದೆ, ಕಾಯಿಲೆಯ ಸುಳಿವೇ ಇಲ್ಲದಿದ್ದಾಗ. ಮುಂದೊಂದು ದಿನ ಅವನು ಬಾಯಿಬಿಟ್ಟರೆ ‘ತಲೆ ಕೆಟ್ಟು ಏನೇನೋ ಕಲ್ಪಿಸಿಕೊಳ್ಳುತ್ತಿದ್ದಾನೆ’ ಎಂದು ತಳ್ಳಿಹಾಕುವವರು ಇದ್ದೇ ಇರುತ್ತಾರೆ. ಆ ನೆನಪು ಕಾಯಿಲೆಗಿಂತ ಹಳೆಯದು ಎಂದು ಹೇಳಬಲ್ಲ ವ್ಯಕ್ತಿ ನೀವೊಬ್ಬರೇ. ಆಗ ಅವನು ಯಾವ ತಿಂಗಳು, ಯಾವ ಸಂದರ್ಭದಲ್ಲಿ, ಯಾವ ಮಾತಿನಲ್ಲಿ ಹೇಳಿದ ಎಂಬುದನ್ನು ನೆನಪಿದ್ದಷ್ಟು ಇವತ್ತೇ ಬರೆದು, ದಿನಾಂಕ ಹಾಕಿ ಭದ್ರವಾಗಿಡಿ. ಅಂದಹಾಗೆ, ಸೈಕೋಸಿಸ್ ಇರುವವರು ಬಾಲ್ಯದ ದೌರ್ಜನ್ಯದ ಬಗ್ಗೆ ಹೇಳುವ ಮಾತು ನಂಬಲರ್ಹವಲ್ಲ ಎಂಬುದು ತಪ್ಪು ಕಲ್ಪನೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಏಳು ವರ್ಷದ ಅಂತರದಲ್ಲಿ ಅದೇ ಜನರನ್ನು ಮತ್ತೆ ಕೇಳಿ ನೋಡಿತ್ತು. ಅವರ ಹೇಳಿಕೆಗಳು ಬಹುಮಟ್ಟಿಗೆ ಬದಲಾಗಿರಲಿಲ್ಲ, ಕಾಯಿಲೆ ಹೆಚ್ಚು ಕಡಿಮೆ ಆಗುವುದರ ಜೊತೆ ಏರಿಳಿದಿರಲೂ ಇಲ್ಲ.

ಮೊದಲು ತಮ್ಮನನ್ನೇ ಕೇಳಿ. ರಾತ್ರಿ ಬೇಡ, ಮಾತುಗಳು ಜೋರಾಗಿ ಕೇಳಿಸುತ್ತಿರುವಾಗಲೂ ಬೇಡ. ಒಂದಿಷ್ಟು ನಿದ್ದೆಯಾಗಿ ಎದ್ದ ಬೆಳಗ್ಗೆ, ಇಬ್ಬರೇ ಇರುವಾಗ, ಎದುರುಬದುರು ಕೂರದೆ ಪಕ್ಕದಲ್ಲಿ ಕುಳಿತು ಹೇಳಿ: ‘ನೀನು ಅವತ್ತು ಹೇಳಿದ್ದು ನನಗೆ ನೆನಪಿದೆ. ಯಾರಿಗೂ ಹೇಳಿಲ್ಲ. ಚಿಕ್ಕವನಿದ್ದಾಗ ಕಷ್ಟವಾದದ್ದೊಂದು ಆಗಿತ್ತು ಅಂತ ಅಷ್ಟೇ ಡಾಕ್ಟರಿಗೆ ಹೇಳ್ತೀನಿ. ಹೆಸರು, ವಿವರ ಹೇಳಲ್ಲ. ಅಪ್ಪ, ಅಮ್ಮನಿಗೆ ತಿಳಿಸಬೇಡಿ ಅಂತಲೂ ಹೇಳ್ತೀನಿ. ಆಗಬಹುದಾ?’ ಹೂಂ ಎಂದರೆ ಅಷ್ಟೇ ಮಾಡಿ, ಒಂದಕ್ಷರ ಹೆಚ್ಚಿಲ್ಲದಂತೆ. ಬೇಡ ಎಂದರೆ ವಾದಕ್ಕಿಳಿಯಬೇಡಿ. ಏನಾಗಬಹುದೆಂದು ಹೆದರಿಕೆ ಎಂದು ಕೇಳಿ. ‘ಅಪ್ಪನಿಗೆ ಗೊತ್ತಾಗುತ್ತೆ’ ಎನ್ನುವುದೇ ಹೆಚ್ಚಿನ ಸಲ ಬರುವ ಉತ್ತರ, ಅದಕ್ಕೆ ಪರಿಹಾರ ಇದೆ. ಒಂದೆರಡು ವಾರ ಬಿಟ್ಟು ಮತ್ತೆ ಕೇಳಿ. ಅಲ್ಲಿಯವರೆಗೆ ನೀವು ಡಾಕ್ಟರಿಗೆ ‘ಮುಂದಿನ ಸಲ ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿ, ಆಘಾತದ ಪ್ರಶ್ನೆಯನ್ನು ನಮ್ಮೆದುರು ಕೇಳಬೇಡಿ’ ಎನ್ನಬಹುದು. ಇದರಲ್ಲಿ ಆಣೆ ಮುರಿಯುವಂಥದ್ದು ಏನೂ ಇಲ್ಲ. ಅನುಭವವುಳ್ಳ ವೈದ್ಯರಿಗೆ ಅಷ್ಟು ಸೂಚನೆಯೇ ಸಾಕಾಗುತ್ತದೆ.

ಡಾಕ್ಟರ ಬಳಿ ಹೇಳುವ ಮುಂಚೆ ಗೋಪ್ಯತೆಯ ಗೆರೆ ಎಲ್ಲಿದೆ ಎಂದು ಹೆಸರಿಲ್ಲದೆ ಕೇಳಿಕೊಳ್ಳಿ. ತಮ್ಮ ವಯಸ್ಕ, ಅವನ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ವೈದ್ಯರು ಮನೆಯವರಿಗೆ ಹೇಳುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡಲೇಬೇಕೆಂಬ ಕಾನೂನು ಎಷ್ಟೋ ದೇಶಗಳಲ್ಲಿದೆ. ಕೆಲವೆಡೆ ಅದು ವೈದ್ಯರಿಗೆ ಮಾತ್ರವಲ್ಲ, ವಿಷಯ ತಿಳಿದ ಯಾರಿಗಾದರೂ ಅನ್ವಯಿಸುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ತಮ್ಮನಿಗೂ ತಿಳಿಸಿ. ಅವನಿಗೆ ಗೊತ್ತಿಲ್ಲದೆ ಪೊಲೀಸರು ಮನೆ ಬಾಗಿಲಿಗೆ ಬಂದರೆ ಅದೇ ಇನ್ನೊಂದು ಆಘಾತ. ಆ ಮನುಷ್ಯನ ಹತ್ತಿರ ಈಗಲೂ ಚಿಕ್ಕ ಮಕ್ಕಳು ಓಡಾಡಿಕೊಂಡಿದ್ದರೆ ಮಾತು ಬೇರೆ. ಆಗ ಆಣೆಗಿಂತ ಆ ಮಕ್ಕಳು ಮುಖ್ಯ. ತಮ್ಮನಿಗೆ ಮುಂಚಿತವಾಗಿ ಹೇಳಿಯೇ, ಆದರೆ ತಡಮಾಡದೆ, ಮಕ್ಕಳ ರಕ್ಷಣೆಯ ವ್ಯವಸ್ಥೆಗೆ ತಿಳಿಸಬೇಕು. ತಮ್ಮ ಸಾಯುವ ಮಾತಾಡಿದರೂ ಹಾಗೆಯೇ, ಜೀವ ಉಳಿಸಲು ಬೇಕಾದಷ್ಟನ್ನು ಒಪ್ಪಿಗೆಗೆ ಕಾಯದೆ ಹೇಳಿಬಿಡಿ.

‘ಇದೇ ಕಾರಣವೇ’ ಎಂದು ಕೇಳಿದ್ದೀರಿ. ಬಾಲ್ಯದ ಆಘಾತಕ್ಕೂ ಸೈಕೋಸಿಸ್‌ಗೂ ನಂಟಿದೆ, ಅದರಲ್ಲಿ ಈಗ ಹೆಚ್ಚು ಅನುಮಾನ ಉಳಿದಿಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯೊಂದರಲ್ಲಿ, ಬಾಲ್ಯದಲ್ಲಿ ದೌರ್ಜನ್ಯ, ನಿರ್ಲಕ್ಷ್ಯ, ಸಹಪಾಠಿಗಳ ಕಿರುಕುಳ ಇಂಥವನ್ನು ಅನುಭವಿಸಿದವರಲ್ಲಿ ಸೈಕೋಸಿಸ್‌ನ ಸಂಭವ ಸುಮಾರು 2.8 ಪಟ್ಟು ಇತ್ತು. ಆದರೆ ಈ ಅಂಕಿಯನ್ನು ಒಬ್ಬ ವ್ಯಕ್ತಿಗೆ ಹಚ್ಚುವಾಗ ಎಚ್ಚರ ಬೇಕು. ಜೀವನದಲ್ಲಿ ಒಮ್ಮೆಯಾದರೂ ಸೈಕೋಸಿಸ್‌ಗೆ ಒಳಗಾಗುವವರು ನೂರಕ್ಕೆ ಹೆಚ್ಚುಕಡಿಮೆ ಮೂವರು. ಅದು ಎರಡೂಮುಕ್ಕಾಲು ಪಟ್ಟಾದರೂ ದೌರ್ಜನ್ಯ ಅನುಭವಿಸಿದವರಲ್ಲಿ ಬಹುಪಾಲು ಮಂದಿಗೆ ಸೈಕೋಸಿಸ್ ಬರುವುದಿಲ್ಲ. ಯಾವ ಆಘಾತವೂ ಇಲ್ಲದವರಿಗೂ ಬರುತ್ತದೆ. ವಂಶವಾಹಿಗಳು, ಗಾಂಜಾ, ತಿಂಗಳುಗಟ್ಟಲೆ ಕೆಟ್ಟ ನಿದ್ದೆ, ಒಂಟಿತನ ಎಲ್ಲವೂ ಕೂಡಿ ಬಂದಾಗ ಒಬ್ಬರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಗಾಂಜಾದ ವಿಷಯ ತಮ್ಮನನ್ನು ಬೈಯದೆ ಕೇಳಿ. ಯೂರೋಪಿನ ಹಲವು ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೇರಿಸುವ ಅಂಶ ಹೆಚ್ಚಿರುವ ಗಾಂಜಾವನ್ನು ದಿನವೂ ಸೇದುವವರಲ್ಲಿ ಸೈಕೋಸಿಸ್‌ನ ಸಂಭವ ಐದು ಪಟ್ಟಿನ ಹತ್ತಿರಕ್ಕೆ ಹೋಗಿತ್ತು. ಹಳೆಯ ಭಯದಿಂದ ನಿದ್ದೆ ಬಾರದ ಹುಡುಗರು ನಿದ್ದೆಗಾಗಿಯೇ ಅದನ್ನು ಹಿಡಿಯುವುದುಂಟು.

ಆಘಾತ ಕೆಲಸ ಮಾಡುವ ಬಗೆ ಹೀಗಿರುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಮತ್ತೆ ಮತ್ತೆ ಹೆದರಿದ ಮಗುವಿನ ದೇಹದಲ್ಲಿ ಒತ್ತಡಕ್ಕೆ ಸ್ಪಂದಿಸುವ ವ್ಯವಸ್ಥೆ ಸಣ್ಣದಕ್ಕೂ ಎದ್ದು ನಿಲ್ಲುವಂತಾಗುತ್ತದೆ. ಯಾವುದು ಮುಖ್ಯ, ಯಾವುದು ಅಪಾಯ ಎಂದು ಗುರುತು ಹಾಕುವ, ಮೆದುಳಿನ ಡೋಪಮೈನ್ ಎಂಬ ರಾಸಾಯನಿಕದ ವ್ಯವಸ್ಥೆಯೂ ಅದರ ಜೊತೆ ಹದ ತಪ್ಪುತ್ತದೆ. ಆಗ ಹಾದಿಯಲ್ಲಿ ಹೋಗುವವರ ನಗು, ಫ್ಯಾನಿನ ಸದ್ದು, ಕಾರಿನ ಹಾರ್ನ್ ಎಲ್ಲಕ್ಕೂ ‘ನನಗೇ ಸಂಬಂಧಿಸಿದ್ದು’ ಎಂಬ ಮುದ್ರೆ ಬೀಳುತ್ತದೆ. ‘ನಾನು ಹೊಲಸು, ಜನರನ್ನು ನಂಬುವಂತಿಲ್ಲ’ ಎಂದು ಅಂದು ಮೂಡಿದ ತಿಳಿವಳಿಕೆ ಮುಂದೆ ಕೇಳಿಸುವ ಮಾತುಗಳಿಗೆ ದನಿ ಕೊಡುತ್ತದೆ. ಇಬ್ಬರು ಗಂಡಸರು ಹೊಲಸಾಗಿ ಆಡಿಕೊಳ್ಳುತ್ತಾರೆ ಎಂದು ಅವನು ಹೇಳುತ್ತಿರುವುದು ಇದಕ್ಕೆ ಹೊಂದುತ್ತದೆ. ಅಂದು ಆಡಿದ ಮಾತೇ ಅಕ್ಷರಶಃ ಮತ್ತೆ ಕೇಳಿಸುವುದು ಅಪರೂಪ, ಆದರೆ ಅವಮಾನದ ಆ ಧಾಟಿ ಮರಳಿ ಬರುವುದು ಸಾಮಾನ್ಯ.

ಕಾರಣ ಇದ್ದಮಾತ್ರಕ್ಕೆ ಮಾತ್ರೆ ಬೇಡ ಎನ್ನುವುದು ಮಾತ್ರ ತಪ್ಪು. ಈ ತಪ್ಪಿನಿಂದ ಎಷ್ಟೋ ಮನೆಗಳಲ್ಲಿ ತಿಂಗಳುಗಳು ಹಾಳಾಗುತ್ತವೆ. ಸೈಕೋಸಿಸ್ ಚಿಕಿತ್ಸೆಯಿಲ್ಲದೆ ಉಳಿದಷ್ಟೂ ಚೇತರಿಕೆ ಕಷ್ಟ. ಮಾತ್ರೆ ಹಳೆಯ ನೆನಪನ್ನು ಅಳಿಸುವುದಿಲ್ಲ. ಆ ಅತಿಯಾದ ‘ಅಪಾಯ’ದ ಮುದ್ರೆಯನ್ನು ಅದು ತಗ್ಗಿಸುತ್ತದೆ. ನಿದ್ದೆ ಮತ್ತು ಚಡಪಡಿಕೆ ಮೊದಲ ಕೆಲವು ದಿನಗಳಲ್ಲೇ ಸುಧಾರಿಸಬಹುದು, ಮಾತು ಕೇಳಿಸುವುದು ಹಿಂದೆ ಸರಿಯಲು ವಾರಗಳು ಬೇಕು. ಸರಿಯಾದ ಡೋಸ್‌ನಲ್ಲಿ 4ರಿಂದ 6 ವಾರ ಕೊಟ್ಟ ಮೇಲಷ್ಟೇ ಒಂದು ಮಾತ್ರೆ ಹಿಡಿಯಿತೋ ಇಲ್ಲವೋ ಎಂದು ತೀರ್ಮಾನಿಸುತ್ತಾರೆ. ನಿಮ್ಮದು ಇನ್ನೂ ಮೂರನೇ ವಾರ.

ಈ ಹಂತದಲ್ಲಿ ಹೆಚ್ಚಾಗಿ ಎಡವುವ ಒಂದು ಜಾಗವಿದೆ. ಮಾತ್ರೆ ಶುರುವಾದ ಮೇಲೆ ಕೂತಲ್ಲಿ ಕೂರಲಾಗದೆ, ಕಾಲು ಅಲ್ಲಾಡಿಸುತ್ತ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದರೆ ಮನೆಯವರು ಕಾಯಿಲೆ ಹೆಚ್ಚಾಯಿತು ಎಂದುಕೊಳ್ಳುತ್ತಾರೆ. ಅದು ಅಕಥೀಸಿಯಾ ಎಂಬ ಅಡ್ಡಪರಿಣಾಮವಿರಬಹುದು. ‘ಓಡಾಡಬೇಕು ಅನ್ನಿಸೋದು ಮಾತು ಕೇಳಿಸೋದಕ್ಕಾ, ಇಲ್ಲ ಕಾಲೇ ಸುಮ್ಮನಿರಲ್ವಾ?’ ಎಂದು ಕೇಳಿ. ಕಾಲೇ ಎಂದರೆ ಡಾಕ್ಟರಿಗೆ ತಿಳಿಸಿ, ಡೋಸ್ ಅಥವಾ ಮಾತ್ರೆ ಬದಲಿಸಿದರೆ ಇಳಿಯುತ್ತದೆ. ಸಹಿಸಲಾಗದ ಈ ಚಡಪಡಿಕೆಯಿಂದಲೇ ಮಾತ್ರೆ ಬಿಸಾಡುವವರಿದ್ದಾರೆ. ಕತ್ತು ಒಂದು ಕಡೆಗೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದಿನಿಂದ ಬೇಗ ಸರಿಹೋಗುತ್ತದೆ. ತೂಕವನ್ನು ಮೊದಲ ಆರು ವಾರ ವಾರಕ್ಕೊಮ್ಮೆ ಬರೆದಿಡಿ, ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಯಾವಾಗ ಎಂದು ನೀವೇ ಕೇಳಿ. ಯಾವ ಕಾರಣಕ್ಕೂ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಲು ಹೇಳುವುದು ವಾಡಿಕೆ, ಅವಧಿಯನ್ನು ತಮ್ಮನನ್ನು ಕೂರಿಸಿಕೊಂಡೇ ನಿರ್ಧರಿಸಬೇಕು.

ಹಾಗಾದರೆ ಆಘಾತಕ್ಕೆ ಚಿಕಿತ್ಸೆ ಯಾವಾಗ? ‘ಸೈಕೋಸಿಸ್ ಇರುವವರಲ್ಲಿ ಹಳೆಯದನ್ನು ಕೆದಕಿದರೆ ಕಾಯಿಲೆ ಕೆರಳುತ್ತದೆ’ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ನೆದರ್‌ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಅದನ್ನು ಅಲ್ಲಾಡಿಸಿತು. ಸೈಕೋಸಿಸ್ ಜೊತೆಗೆ ಆಘಾತೋತ್ತರ ಒತ್ತಡದ ಕಾಯಿಲೆಯಾದ ಪಿಟಿಎಸ್‌ಡಿಯೂ ಇದ್ದ 155 ಮಂದಿ ಅದರಲ್ಲಿದ್ದರು. ಕೆಲವರಿಗೆ ನೆನಪನ್ನು ಹಂತಹಂತವಾಗಿ ಎದುರಿಸುವ ಎಕ್ಸ್‌ಪೋಶರ್ ಚಿಕಿತ್ಸೆ, ಕೆಲವರಿಗೆ ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್, ತಲಾ 90 ನಿಮಿಷದ 8 ಭೇಟಿಗಳು. ಎರಡೂ ಪಿಟಿಎಸ್‌ಡಿಯನ್ನು ಗಣನೀಯವಾಗಿ ಇಳಿಸಿದವು, ಸೈಕೋಸಿಸ್ ಕೆರಳಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ವರ್ಷಗಳಿಂದ ಚಿಕಿತ್ಸೆಯಲ್ಲಿದ್ದವರು, ತರಬೇತಿ ಪಡೆದ ಚಿಕಿತ್ಸಕರ ಕೈಯಲ್ಲಿದ್ದವರು. ನಿಮ್ಮ ತಮ್ಮನ ವಿಷಯದಲ್ಲಿ ಮೊದಲು ನಿದ್ದೆ ಬರಲಿ, ಆ ಮನುಷ್ಯನ ಬರುವಿಕೆ ನಿಲ್ಲಲಿ, ಸಾಯುವ ಯೋಚನೆ ಇದೆಯೇ ಎಂದು ನೋಡಲಿ, ಚಿಕಿತ್ಸಕರ ಮೇಲೆ ಒಂದಿಷ್ಟು ವಿಶ್ವಾಸ ಹುಟ್ಟಲಿ. ಬಳಿಕ ಅವನು ಒಪ್ಪಿದಾಗ ಅದನ್ನು ಕೈಗೆತ್ತಿಕೊಳ್ಳಬಹುದು. ‘ಪೂರ್ತಿ ಗುಣವಾದ ಮೇಲೆ ನೋಡೋಣ’ ಎಂದು ಯಾರಾದರೂ ಅನಿರ್ದಿಷ್ಟವಾಗಿ ಮುಂದೂಡಿದರೆ ಒಪ್ಪಬೇಡಿ.

ಕೌನ್ಸೆಲಿಂಗ್ ಹೆಸರಿನಲ್ಲಿ ನಡೆಯುವುದೆಲ್ಲ ಒಂದೇ ಅಲ್ಲ. ಮೊದಲ ಭೇಟಿಯಲ್ಲೇ ‘ಎಲ್ಲ ಹೇಳಿ ಹಗುರಾಗು’ ಎಂದು ಇಡೀ ಘಟನೆ ಹೇಳಿಸಿ, ಗಂಟೆ ಮುಗಿಯಿತೆಂದು ಮನೆಗೆ ಕಳಿಸಿದರೆ ಅವನು ಅಂದು ರಾತ್ರಿ ಒಬ್ಬನೇ ಅದನ್ನು ಎದುರಿಸಬೇಕಾಗುತ್ತದೆ. ಸಮ್ಮೋಹನ ಮಾಡಿ ಮರೆತ ನೆನಪು ತೆಗೆಯುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ, ಇಲ್ಲದ ನೆನಪು ಹುಟ್ಟಿಕೊಳ್ಳುವ ಅಪಾಯ ಅಲ್ಲಿದೆ. ‘ಸೈಕೋಸಿಸ್ ಇರುವವರಿಗೆ ಸಿಬಿಟಿ (ಯೋಚನೆ, ನಡವಳಿಕೆಯ ಧಾಟಿ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಮಾಡಿದ್ದೀರಾ? ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇದೆಯಾ? ಭೇಟಿ ಮುಗಿದ ಮೇಲೆ ಅವನು ಕುಸಿದರೆ ಯಾರಿಗೆ ಫೋನ್ ಮಾಡಬೇಕು?’ ಎಂದು ನೇರವಾಗಿ ಕೇಳಿ. ಬ್ರಿಟನ್ನಿನ ಮಾರ್ಗಸೂಚಿ ಸೈಕೋಸಿಸ್‌ಗೆ ಮಾತ್ರೆಯ ಜೊತೆಗೇ ಕನಿಷ್ಠ 16 ಸಿಬಿಟಿ ಭೇಟಿಗಳನ್ನೂ, ಮೂರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕನಿಷ್ಠ 10 ಕುಟುಂಬ ಭೇಟಿಗಳನ್ನೂ ಹೇಳುತ್ತದೆ. ಅಷ್ಟು ಸಿಗುವುದು ಎಲ್ಲ ಕಡೆ ಸುಲಭವಲ್ಲ, ಆದರೆ ಎರಡು ಸಲ ಮಾತಾಡಿಸಿ ‘ಕೌನ್ಸೆಲಿಂಗ್ ಆಯಿತು’ ಎಂದರೆ ಅದು ಏನೇನೂ ಸಾಲದು ಎಂದು ನಿಮಗೆ ಗೊತ್ತಿರಲಿ.

ಇನ್ನು ಆ ಮೇಜು. ಅದನ್ನು ಎಳೆದು ಹಾಕಬೇಡಿ. ‘ಯಾರೂ ಬರ್ತಿಲ್ಲ, ಸುಮ್ಮನೆ ಮಲಗು’ ಎನ್ನುವುದೂ ಬೇಡ, ‘ಹೌದು, ಬಂದಿದ್ದಾನೆ’ ಎನ್ನುವುದೂ ಬೇಡ. ‘ನಿನಗೆ ತುಂಬ ಹೆದರಿಕೆ ಆಗ್ತಿದೆ ಅಂತ ಕಾಣ್ತಿದೆ. ಈಗ ಮನೆಯಲ್ಲಿರೋದು ನಾವು ನಾಲ್ಕೇ ಜನ. ಹೊರಬಾಗಿಲಿಗೆ ಬೀಗ ಹಾಕಿದೀನಿ, ಬೇಕಾದರೆ ಬಂದು ನೋಡು’ ಎನ್ನಿ. ಭಯವನ್ನು ಒಪ್ಪಿಕೊಳ್ಳಿ, ಕಣ್ಣಿಗೆ ಕಾಣುವ ಸತ್ಯವನ್ನಷ್ಟೇ ಹೇಳಿ. ಭಾರದ ಮೇಜಿನ ಬದಲು ಹೊರಗಿನಿಂದ ತಳ್ಳಿದರೆ ಸರಿಯುವ ಕುರ್ಚಿ ಸಾಕೇ ಎಂದು ಹಗಲಿನಲ್ಲಿ ಮಾತಾಡಿ ಒಪ್ಪಿಸಿ. ಅವನಿಗೆ ಧೈರ್ಯವೂ ಉಳಿಯುತ್ತದೆ, ತುರ್ತಿನಲ್ಲಿ ನೀವು ಒಳಗೆ ಹೋಗಲೂ ಆಗುತ್ತದೆ. ನಿದ್ದೆಯಲ್ಲಿದ್ದಾಗ ಮೈಮುಟ್ಟಿ ಅಲುಗಾಡಿಸಿ ಎಬ್ಬಿಸಬೇಡಿ, ಕಾಲಿನ ಕಡೆ, ತುಸು ದೂರದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ. ಮುಂದೆಂದಾದರೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಸಿಬ್ಬಂದಿಗೂ ಇದನ್ನೇ ಹೇಳಿ: ಮುಟ್ಟುವ ಮುಂಚೆ ಹೇಳಿ ಮುಟ್ಟಿ, ಹಿಡಿದು ಕಟ್ಟುವುದು ಬೇಡ. ಅಂಥ ದಾಖಲಾತಿಯೇ ಹೊಸ ಆಘಾತವಾಗುವುದುಂಟು.

ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ ನಿದ್ದೆ, ಮಾತು ಕೇಳಿಸಿದ್ದು ಯಾವಾಗ, ಅದಕ್ಕೆ ಮುಂಚೆ ಏನಾಗಿತ್ತು, ಯಾರು ಬಂದಿದ್ದರು. ಯಾವುದೋ ವಾಸನೆ, ದನಿ ತಾಗಿದೊಡನೆ ಕಣ್ಣು ನೆಟ್ಟು, ಅಂದಿನ ಘಟನೆ ಈಗಲೇ ನಡೆಯುತ್ತಿರುವಂತೆ ಕೆಲವು ನಿಮಿಷ ಮೈಮರೆತರೆ ಅದು ಪಿಟಿಎಸ್‌ಡಿಯ ಫ್ಲ್ಯಾಶ್‌ಬ್ಯಾಕ್ ಇರಬಹುದು. ಯಾವ ಪ್ರಚೋದನೆಯೂ ಇಲ್ಲದೆ ದಿನವಿಡೀ ಮಾತು ಕೇಳಿಸುವುದು ಬೇರೆ. ಎರಡೂ ಒಬ್ಬರಲ್ಲೇ ಇರಬಹುದು, ಬಿಡಿಸಿ ನೋಡಲು ಡಾಕ್ಟರಿಗೆ ಇಂಥ ಟಿಪ್ಪಣಿ ತುಂಬ ನೆರವಾಗುತ್ತದೆ. ‘ಸಾಯು’ ಎಂದೋ ‘ಹೊಡೆ’ ಎಂದೋ ಮಾತುಗಳು ಆಜ್ಞೆ ಮಾಡುತ್ತಿವೆಯೇ, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ, ಅಥವಾ ಅನ್ನ ನೀರು ಬಿಟ್ಟರೆ, ಜ್ವರದ ಜೊತೆ ಮೈ ಸೆಟೆದುಕೊಂಡರೆ, ಫಿಟ್ಸ್ ಬಂದರೆ, ಎಲ್ಲಿದ್ದೇನೆಂಬ ಅರಿವೇ ತಪ್ಪಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಅಪ್ಪ, ಅಮ್ಮನಿಗೆ ಈಗಲೇ ಹೇಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಅವರು ಕೆಟ್ಟವರೆಂದಲ್ಲ. ಸುದ್ದಿ ಕೇಳಿದ ಗಾಬರಿಯಲ್ಲಿ ತಮ್ಮನನ್ನೇ ‘ನಿಜವಾ? ಆಗಲೇ ಯಾಕೆ ಹೇಳಲಿಲ್ಲ?’ ಎಂದು ಕೇಳುತ್ತಾರೆ, ಇಲ್ಲವೇ ಆ ಮನುಷ್ಯನನ್ನು ಕರೆಸಿ ಎದುರಿಗೆ ನಿಲ್ಲಿಸುತ್ತಾರೆ. ಈ ಸ್ಥಿತಿಯಲ್ಲಿ ಎರಡೂ ಅವನಿಗೆ ಭಾರ. ಮುಂದೆ ಅವನಿಗೆ ಬೇಕೆನಿಸಿದಾಗ ಚಿಕಿತ್ಸಕರ ಸಮ್ಮುಖದಲ್ಲಿ ಹೇಳಬಹುದು.

ನಿಮ್ಮ ಮೌನದಿಂದ ಇದು ಆಯಿತೇ? ಇಲ್ಲ. ನಿಮಗೆ ವಿಷಯ ತಿಳಿಯುವ ಹೊತ್ತಿಗೆ ನಡೆದದ್ದು ನಡೆದು ಐದು ವರ್ಷವಾಗಿತ್ತು. ಆಗಲೇ ಚಿಕಿತ್ಸೆ ಸಿಕ್ಕಿದ್ದರೆ ಅವನ ನೋವು ಕಡಿಮೆಯಾಗುತ್ತಿತ್ತು, ನಿಜ. ಅದಕ್ಕೆ ದಾರಿ ತೋರುವ ದೊಡ್ಡವರು 18ರ ಹುಡುಗಿಯ ಸುತ್ತ ಯಾರೂ ಇರಲಿಲ್ಲ. ನೀವು ಅವನ ಮಾತನ್ನು ನಂಬಿದಿರಿ, ಅವನಿಗೆ ಆಗ ಸಿಕ್ಕಿದ್ದು ಅದೊಂದೇ ಆಸರೆ.

ಮುಂದಿನ ಭೇಟಿಗೆ, ತಮ್ಮ ಒಪ್ಪಿದ್ದರೆ, ಒಂದು ಚೀಟಿ ಬರೆದು ಮೊದಲೇ ಡಾಕ್ಟರ ಕೈಗೆ ಕೊಡಿ: ‘ಬಾಲ್ಯದಲ್ಲಿ ಗಂಭೀರ ಆಘಾತವಾಗಿದೆ. ಕಾಯಿಲೆಗೆ ನಾಲ್ಕು ವರ್ಷ ಮುಂಚೆಯೇ ನನಗೆ ಹೇಳಿದ್ದಾನೆ. ಪೋಷಕರಿಗೆ ಗೊತ್ತಿಲ್ಲ, ತಿಳಿಸಬೇಡಿ. ದಯವಿಟ್ಟು ಅವನೊಬ್ಬನ ಜೊತೆ ಮಾತಾಡಿ.’ ಬರೆದದ್ದನ್ನು ಮೊದಲು ತಮ್ಮನಿಗೆ ಓದಿ ಹೇಳಿ, ಅವನು ಬೇಡವೆಂದ ಸಾಲನ್ನು ಹೊಡೆದುಹಾಕಿ. ಡಾಕ್ಟರು ಚೀಟಿ ಓದಿಯೂ ‘ಅದೆಲ್ಲ ಈಗ ಮುಖ್ಯವಲ್ಲ’ ಎಂದುಬಿಟ್ಟರೆ ಇನ್ನೊಬ್ಬ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಹುಡುಕಿ. ಹುಡುಕುವಷ್ಟು ದಿನವೂ ಈಗಿನ ಮಾತ್ರೆ ತಪ್ಪದೆ ನಡೆಯಲಿ.